ಸೋತು ಊರಿಗೆ ಮರಳಿದವರು ರಾಷ್ಟ್ರಪತಿಯಾದರು: ಬೆಂಗಳೂರಿನ ಕಲ್ಪಳ್ಳಿಯಲ್ಲಿರುವ ನೀಲಂ ಸಂಜೀವ ರೆಡ್ಡಿ

1996ರ ಜೂನ್ 1. ಅಂದು ದೆಹಲಿಯಲ್ಲಿ ಹಾಸನದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಕರ್ನಾಟಕದವರೊಬ್ಬರು ಆ ಹುದ್ದೆಗೆ ಏರಿದ್ದು ಅದೇ ಮೊದಲು. ಅದೇ ದಿನ ಬೆಂಗಳೂರಿನಲ್ಲಿ 83 ವರ್ಷದ ಹಿರಿಯರೊಬ್ಬರು ನ್ಯುಮೋನಿಯಾದಿಂದ ತೀರಿಕೊಂಡರು. ಒಂದು ಕಾಲದಲ್ಲಿ ರಾಷ್ಟ್ರಪತಿ ಭವನದಲ್ಲಿ ನಿಂತು ಇಬ್ಬರು ಪ್ರಧಾನಿಗಳಿಗೆ ಪ್ರಮಾಣವಚನ ಬೋಧಿಸಿದ್ದವರು ಅವರು. ಹೆಸರು ನೀಲಂ ಸಂಜೀವ ರೆಡ್ಡಿ. ಭಾರತದ ಆರನೇ ರಾಷ್ಟ್ರಪತಿ, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಎರಡು ಬಾರಿ ಲೋಕಸಭೆಯ ಸ್ಪೀಕರ್.

ಅವರ ಸಮಾಧಿ ಇರುವುದು ಬೆಂಗಳೂರಿನ ಕಲ್ಪಳ್ಳಿ ರುದ್ರಭೂಮಿಯಲ್ಲಿ. ಕೆಲಸ, ಓದು ಅಂತ ನಮ್ಮ ಕರಾವಳಿಯಿಂದ ಬೆಂಗಳೂರಿಗೆ ಹೋದ ಎಷ್ಟೋ ಯುವಕರು ಆ ಕಡೆಯಿಂದ ಓಡಾಡುತ್ತಿರುತ್ತಾರೆ. ದೇಶದ ಅತ್ಯುನ್ನತ ಹುದ್ದೆಯಲ್ಲಿದ್ದ ವ್ಯಕ್ತಿಯೊಬ್ಬರು ಅಲ್ಲಿ ಮಣ್ಣಿನಡಿ ಇದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತು? ಅವರ ಬದುಕಿನಲ್ಲಿ ನಮ್ಮ ಸಮುದಾಯದ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ರಾಷ್ಟ್ರಪತಿ ಹುದ್ದೆ ಅವರ ಹತ್ತಿರ ಬಂದದ್ದು ಎರಡು ಸಲ. ಆ ಎರಡು ಸಲವೂ ಅದಕ್ಕೆ ಕಾರಣವಾದದ್ದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಒಬ್ಬೊಬ್ಬ ಮುಸ್ಲಿಂ ರಾಷ್ಟ್ರಪತಿಯ ಸಾವು.

ಗಡಿ ಜಿಲ್ಲೆಯ ಹುಡುಗ

ಸಂಜೀವ ರೆಡ್ಡಿ ಹುಟ್ಟಿದ್ದು 1913ರ ಮೇ 19ರಂದು, ಅನಂತಪುರ ಜಿಲ್ಲೆಯ ಇಲ್ಲೂರು ಎಂಬ ಹಳ್ಳಿಯಲ್ಲಿ. ಈ ಜಿಲ್ಲೆಯನ್ನು ಬ್ರಿಟಿಷರು 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಮಾಡಿದ್ದು. ಅದರ ಪಶ್ಚಿಮ ಮತ್ತು ದಕ್ಷಿಣದ ಅಂಚಿನಲ್ಲಿ ಇವತ್ತಿಗೂ ಕನ್ನಡ ಕೇಳಿಸುತ್ತದೆ. ರಾಯದುರ್ಗ ತಾಲೂಕು 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮಡಕಶಿರಾವಂತೂ ಶಿರಾ, ಪಾವಗಡ, ಮಧುಗಿರಿಗಳ ಪಕ್ಕದಲ್ಲೇ, ಮೂರು ಕಡೆ ಕರ್ನಾಟಕವನ್ನು ಸುತ್ತಿಕೊಂಡು ಕೂತಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಇದು ಅಲ್ಲಿನ ಅನೇಕರ ಬದುಕು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮಗೆ ಇದು ಅರ್ಥವಾಗದ ವಿಷಯ ಏನಲ್ಲ. 2022ರಲ್ಲಿ ಆಂಧ್ರ ಸರಕಾರ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಹುಡುಗ ಮದ್ರಾಸಿನ ಅಡ್ಯಾರಿನ ಥಿಯಾಸಾಫಿಕಲ್ ಹೈಸ್ಕೂಲಿನಲ್ಲಿ ಓದಿ, ಅನಂತಪುರದ ಸರಕಾರಿ ಕಾಲೇಜಿಗೆ ಸೇರಿದ. 1929ರ ಜುಲೈಯಲ್ಲಿ ಗಾಂಧೀಜಿ ಅನಂತಪುರಕ್ಕೆ ಬಂದರು. ಅಲ್ಲಿಂದ ಅವನ ದಾರಿ ಬದಲಾಯಿತು. ವಿದೇಶಿ ಬಟ್ಟೆ ಬಿಟ್ಟು ಖಾದಿ ಉಟ್ಟ. 1931ರಲ್ಲಿ ಕಾಲೇಜನ್ನೂ ಬಿಟ್ಟು ಚಳವಳಿಗೆ ಇಳಿದ. 1938ರಲ್ಲಿ, ಇನ್ನೂ 25ರ ವಯಸ್ಸಿನಲ್ಲಿ, ಆಂಧ್ರ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ಕಾರ್ಯದರ್ಶಿಯಾದರು. ಆ ಹೊಣೆಯನ್ನು ಸುಮಾರು ಹತ್ತು ವರ್ಷ ಹೊತ್ತರು.

1940ರಿಂದ 1945ರವರೆಗಿನ ಹೆಚ್ಚಿನ ದಿನಗಳು ಜೈಲಿನಲ್ಲಿ ಕಳೆದವು. 1942ರ ಮಾರ್ಚಿನಲ್ಲಿ ಬಿಡುಗಡೆ, ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಶುರುವಾಗುತ್ತಿದ್ದಂತೆ ಮತ್ತೆ ಬಂಧನ. ಅಮರಾವತಿ ಜೈಲಿನಲ್ಲಿ ಅವರ ಜೊತೆ ಟಿ. ಪ್ರಕಾಶಂ, ಎಸ್. ಸತ್ಯಮೂರ್ತಿ, ಕೆ. ಕಾಮರಾಜ್ ಇದ್ದರು. ವಿ.ವಿ. ಗಿರಿ ಎಂಬವರೂ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಮ್ಮ ಜಿಲ್ಲೆಗೂ ಮಂತ್ರಿ

ಸ್ವಾತಂತ್ರ್ಯದ ಹೊತ್ತಿಗೆ ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರ ಎಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಮಂಗಳೂರಿನವರ ಶಾಸಕರೂ ಅನಂತಪುರದವರ ಶಾಸಕರೂ ಮದ್ರಾಸಿನ ಒಂದೇ ಸದನದಲ್ಲಿ ಕೂರುತ್ತಿದ್ದರು. ಸಂಜೀವ ರೆಡ್ಡಿ 1946ರಲ್ಲಿ ಆ ಸದನಕ್ಕೆ ಆಯ್ಕೆಯಾದರು. ಸಂವಿಧಾನ ರಚನಾ ಸಭೆಯ ಸದಸ್ಯರೂ ಆದರು. 1949ರಿಂದ 1951ರವರೆಗೆ ಮದ್ರಾಸ್ ಸರಕಾರದಲ್ಲಿ ಪಾನನಿಷೇಧ, ವಸತಿ ಮತ್ತು ಅರಣ್ಯ ಖಾತೆ ನೋಡಿಕೊಂಡರು. ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ಜಿಲ್ಲೆಯ ಕಾಡಿಗೂ ಅವರೇ ಮಂತ್ರಿ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ತಮ್ಮದೇ ಊರಿನ ಅನಂತಪುರ ಕ್ಷೇತ್ರದಿಂದ ನಿಂತರು. ಎದುರಾಳಿ ಕಮ್ಯುನಿಸ್ಟ್ ಪಕ್ಷದ ತರಿಮೆಲ ನಾಗಿ ರೆಡ್ಡಿ. ಹೊರಗಿನವರಲ್ಲ, ಸಂಜೀವ ರೆಡ್ಡಿಯವರ ಪತ್ನಿ ನಾಗರತ್ನಮ್ಮನವರ ಸಹೋದರ! ನಾಗಿ ರೆಡ್ಡಿ ಜೈಲಿನಲ್ಲಿದ್ದುಕೊಂಡೇ ಸ್ಪರ್ಧಿಸಿ ಭಾವನನ್ನು ಸೋಲಿಸಿದರು. ಮಂತ್ರಿಯಾಗಿದ್ದವರನ್ನು, ಅದೂ ಸ್ವಂತ ಊರಿನಲ್ಲಿ, ಜೈಲಿನಲ್ಲಿದ್ದ ಬಾಮೈದ ಸೋಲಿಸಿದ ಮೇಲೆ ಇನ್ನೇನು ರಾಜಕೀಯ ಅಂತ ಯಾರಾದರೂ ಮನೆಯಲ್ಲಿ ಕೂರಬಹುದಿತ್ತು. ಅವರು ಕೂರಲಿಲ್ಲ. ರಾಜ್ಯಸಭೆಗೆ ಹೋದರು. ಮರುವರ್ಷ ಆಂಧ್ರ ರಾಜ್ಯ ಹುಟ್ಟಿದಾಗ ಪ್ರಕಾಶಂ ಸರಕಾರದಲ್ಲಿ ಉಪಮುಖ್ಯಮಂತ್ರಿಯಾದರು.

ಆ ಅಕ್ಟೋಬರ್ 1, 1953ರಂದೇ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲೂಕು ಆಂಧ್ರಕ್ಕೆ, ಉಳಿದವು ಮೈಸೂರಿಗೆ. ರಾಯದುರ್ಗದ ಕನ್ನಡಿಗರು ಬೆಳಗಾಗುವಷ್ಟರಲ್ಲಿ ಬೇರೆ ರಾಜ್ಯದವರಾದರು. ಮೂರು ವರ್ಷ ಬಿಟ್ಟು ಕಾಸರಗೋಡಿನವರಿಗೂ ಅದೇ ಆಯಿತು.

ಈ ನಡುವೆ ಅವರ ಮನೆಯಲ್ಲಿ ದೊಡ್ಡ ದುಃಖ ನಡೆದಿತ್ತು. ಐದು ವರ್ಷದ ಮಗ ಅಪಘಾತವೊಂದರಲ್ಲಿ ತೀರಿಕೊಂಡ. ಕುಸಿದುಹೋದ ತಂದೆ ಪಕ್ಷದ ಪ್ರಾಂತೀಯ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜೊತೆಯವರು ಒತ್ತಾಯಿಸಿ ಅದನ್ನು ವಾಪಸ್ ತೆಗೆದುಕೊಳ್ಳುವಂತೆ ಮಾಡಿದರು.

ಒಂದೇ ದಿನ ಇಬ್ಬರು ಮುಖ್ಯಮಂತ್ರಿಗಳು

1956ರ ನವೆಂಬರ್ 1 ನಮಗೆ ಕನ್ನಡ ರಾಜ್ಯೋತ್ಸವದ ದಿನ. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದು, ಕಾಸರಗೋಡು ಕೇರಳಕ್ಕೆ ಹೋದದ್ದು ಅಂದೇ. ಆಂಧ್ರಪ್ರದೇಶ ಹುಟ್ಟಿದ್ದೂ ಅಂದೇ. ವಿಶಾಲ ಮೈಸೂರಿಗೆ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಪಕ್ಕದ ಆಂಧ್ರಪ್ರದೇಶಕ್ಕೆ ಅನಂತಪುರದ ಸಂಜೀವ ರೆಡ್ಡಿ ಮುಖ್ಯಮಂತ್ರಿಯಾದರು. ಈ ಇಬ್ಬರ ದಾರಿ 13 ವರ್ಷದ ನಂತರ ಬೆಂಗಳೂರಿನಲ್ಲಿ ಕೂಡಲಿತ್ತು.

1960ರಲ್ಲಿ ಅವರು ಮುಖ್ಯಮಂತ್ರಿ ಸ್ಥಾನ ಬಿಟ್ಟು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಮೊದಲ ಮಹಾ ಅಧಿವೇಶನ ಬೆಂಗಳೂರಿನಲ್ಲೇ ನಡೆಯಿತು. ಅವರು ಬಿಟ್ಟ ಕುರ್ಚಿಗೆ ಬಂದವರು ದಾಮೋದರಂ ಸಂಜೀವಯ್ಯ, ದೇಶದ ಮೊದಲ ದಲಿತ ಮುಖ್ಯಮಂತ್ರಿ. 1962ರಲ್ಲಿ ರೆಡ್ಡಿ ಮತ್ತೆ ಮುಖ್ಯಮಂತ್ರಿಯಾದರು. ಕೃಷ್ಣಾ ನದಿಯ ಶ್ರೀಶೈಲಂ ಜಲಾಶಯಕ್ಕೆ ಇವತ್ತು ಅವರದೇ ಹೆಸರಿದೆ.

ಎರಡನೇ ಅವಧಿ ಕೊನೆಯಾದದ್ದು ಒಂದು ಕಹಿ ಪ್ರಕರಣದಿಂದ. ಅವರ ಸರಕಾರ ಕರ್ನೂಲು ಜಿಲ್ಲೆಯ ಖಾಸಗಿ ಬಸ್ ಮಾರ್ಗಗಳನ್ನು ರಾಷ್ಟ್ರೀಕರಣ ಮಾಡಿತು. ರಾಜಕೀಯವಾಗಿ ತಮ್ಮ ವಿರುದ್ಧ ಇರುವವರನ್ನು ಹಣಿಯಲೆಂದೇ ಮುಖ್ಯಮಂತ್ರಿ ಆ ಪ್ರದೇಶವನ್ನು ಆರಿಸಿಕೊಂಡರು ಎಂದು ಬಸ್ ಮಾಲೀಕರು ಕೋರ್ಟಿಗೆ ಹೋದರು. ಆ ಆರೋಪಕ್ಕೆ ಮುಖ್ಯಮಂತ್ರಿ ಸ್ವತಃ ಪ್ರಮಾಣಪತ್ರ ಹಾಕಿ ಉತ್ತರಿಸಲಿಲ್ಲ. 1964ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನು ರದ್ದು ಮಾಡಿ, ಮುಖ್ಯಮಂತ್ರಿಯ ನಡೆಯ ಬಗ್ಗೆ ಕಟುವಾಗಿ ಹೇಳಿತು. ಅವರು ರಾಜೀನಾಮೆ ಕೊಟ್ಟರು.

ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ಸರಿಯಲ್ಲ. ತಪ್ಪು ಅವರ ಸರಕಾರದ್ದೇ. ಆದರೆ ಕೋರ್ಟು ನೇರವಾಗಿ ಕುರ್ಚಿ ಬಿಡಿ ಅಂತ ಹೇಳಿರಲಿಲ್ಲ. ಇವತ್ತಿನ ದಿನಗಳಲ್ಲಿ ಎಂತೆಂಥ ತೀರ್ಪು ಬಂದರೂ ಕುರ್ಚಿಗೆ ಅಂಟಿಕೊಂಡಿರುವವರನ್ನು ನೋಡುವಾಗ ಆ ರಾಜೀನಾಮೆ ನೆನಪಾಗುತ್ತದೆ.

ಝಾಕಿರ್ ಹುಸೇನರ ಸಾವು, ಲಾಲ್‌ಬಾಗಿನ ತೀರ್ಮಾನ

ಶಾಸ್ತ್ರಿ ಮತ್ತು ಇಂದಿರಾ ಗಾಂಧಿ ಸಂಪುಟಗಳಲ್ಲಿ ಸಚಿವರಾಗಿದ್ದ ಅವರು 1967ರಲ್ಲಿ ಹಿಂದೂಪುರ ಲೋಕಸಭಾ ಕ್ಷೇತ್ರದಿಂದ ಗೆದ್ದರು. ಮಡಕಶಿರಾದ ಭಾಗವೂ ಸೇರುವ ಕ್ಷೇತ್ರ ಅದು. ಆ ಮಾರ್ಚ್ 17ರಂದು ಅವರು ಸ್ಪೀಕರ್ ಆದರು. ಆದ ತಕ್ಷಣ ಮಾಡಿದ ಮೊದಲ ಕೆಲಸ, 34 ವರ್ಷಗಳಿಂದ ಇದ್ದ ಕಾಂಗ್ರೆಸ್ ಪಕ್ಷದ ಸದಸ್ಯತ್ವ ಬಿಟ್ಟದ್ದು. ಸ್ಪೀಕರ್ ಯಾವ ಪಕ್ಷದವನೂ ಅಲ್ಲ, ಇಡೀ ಸದನದವನು ಎನ್ನುವುದು ಅವರ ನಿಲುವು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕಾಗಿ ಸಂಸದೀಯ ಸಮಿತಿ ಬಂದದ್ದು ಅವರ ಕಾಲದಲ್ಲೇ.

1969ರ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ ಹಠಾತ್ತನೆ ತೀರಿಕೊಂಡರು. ದೇಶದ ಮೊದಲ ಮುಸ್ಲಿಂ ರಾಷ್ಟ್ರಪತಿ, ಜಾಮಿಯಾ ಮಿಲ್ಲಿಯಾವನ್ನು ಕಷ್ಟಕಾಲದಲ್ಲಿ ಕಟ್ಟಿ ನಿಲ್ಲಿಸಿದ ಶಿಕ್ಷಣ ತಜ್ಞ. ಅವರನ್ನು ಆ ಜಾಮಿಯಾದ ಆವರಣದಲ್ಲೇ ದಫನ ಮಾಡಲಾಯಿತು. ಖಾಲಿಯಾದ ಸ್ಥಾನಕ್ಕೆ ಯಾರು?

ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ನಾಯಕರು ಸೇರಿದರು. ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ನಿಜಲಿಂಗಪ್ಪ. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಮುಂದಿಟ್ಟರು. ಪಕ್ಷದ ಸಂಸದೀಯ ಮಂಡಳಿಯ ಬಹುಮತ ಸಂಜೀವ ರೆಡ್ಡಿಯವರ ಕಡೆ ಹೋಯಿತು. ಹೀಗೆ ಅವರು ಪಕ್ಷದ ಅಧಿಕೃತ ಅಭ್ಯರ್ಥಿ. ಕಣಕ್ಕಿಳಿಯಲು ಸ್ಪೀಕರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ಅತ್ತ ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಕೂಡ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಹೌದು, ಅಮರಾವತಿ ಜೈಲಿನ ಅದೇ ಗಿರಿ. ಗಿರಿ ಹುದ್ದೆ ಬಿಟ್ಟದ್ದರಿಂದ ಒಂದು ತಿಂಗಳ ಮಟ್ಟಿಗೆ ರಾಷ್ಟ್ರಪತಿಯ ಹೊಣೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರ ಹೆಗಲಿಗೆ ಬಂತು. ಚುನಾವಣೆ ಹತ್ತಿರ ಬಂದಾಗ ಇಂದಿರಾ ಗಾಂಧಿ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ತಮ್ಮ ಪಕ್ಷದವರಿಗೆ ಕರೆ ಕೊಟ್ಟರು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು.

ಆಗಸ್ಟ್ 16ರಂದು ಮತದಾನ. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತಮೌಲ್ಯ ಸಿಗಲಿಲ್ಲ. ಎರಡನೇ ಪ್ರಾಶಸ್ತ್ಯದ ಮತಗಳನ್ನು ಸೇರಿಸಿದಾಗ ಗಿರಿ ಅವರಿಗೆ 4,20,077, ರೆಡ್ಡಿ ಅವರಿಗೆ 4,05,427. ಅಂತರ 14,650 ಮಾತ್ರ. ತಮ್ಮ ಪಕ್ಷದ ಪ್ರಧಾನಿಯೇ ಕೈಬಿಟ್ಟ ಅಭ್ಯರ್ಥಿ ಹೀಗೆ ಸೋತರು. ಅದೇ ವರ್ಷ ನವೆಂಬರಿನಲ್ಲಿ ನಿಜಲಿಂಗಪ್ಪ ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು, ಕಾಂಗ್ರೆಸ್ ಎರಡು ಹೋಳಾಯಿತು.

ಸ್ಪೀಕರ್ ಸ್ಥಾನವೂ ಹೋಯಿತು, ರಾಷ್ಟ್ರಪತಿ ಸ್ಥಾನವೂ ಇಲ್ಲ. 1971ರಲ್ಲಿ ಮತ್ತೆ ಹಿಂದೂಪುರದಿಂದ ನಿಂತರು. ನಾಲ್ಕು ವರ್ಷದ ಹಿಂದೆ ಗೆಲ್ಲಿಸಿದ ಮತದಾರರು ಈ ಸಲ ಸೋಲಿಸಿದರು. ಅವರು ಅನಂತಪುರಕ್ಕೆ ಮರಳಿ ಬೇಸಾಯ ನೋಡಿಕೊಂಡಿದ್ದರು. ವಯಸ್ಸು 58. ದೆಹಲಿ ಅವರನ್ನು ಮರೆಯಿತು.

ಫಕ್ರುದ್ದೀನ್ ಅಲಿ ಅಹ್ಮದರ ಸಾವು, ಎರಡನೇ ಬಾಗಿಲು

1975ರಲ್ಲಿ ಜಯಪ್ರಕಾಶ್ ನಾರಾಯಣ್ ಅವರ ಜೊತೆ ರೆಡ್ಡಿ ಮತ್ತೆ ಕಾಣಿಸಿಕೊಂಡರು. ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಆ ಆದೇಶಕ್ಕೆ ಸಹಿ ಹಾಕಿದ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ 1977ರ ಫೆಬ್ರವರಿ 11ರಂದು ತೀರಿಕೊಂಡರು. ಅವರ ಕಬರ್ ದೆಹಲಿಯ ಸಂಸತ್ ಭವನದ ಹತ್ತಿರದ ಮಸೀದಿಯ ಪಕ್ಕದಲ್ಲಿದೆ. ಜಮಖಂಡಿ ಕಡೆಯ ಕನ್ನಡಿಗ, ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು.

ಮುಂದಿನ ತಿಂಗಳು ಲೋಕಸಭಾ ಚುನಾವಣೆ. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಆಂಧ್ರದಲ್ಲಿ ಮಾತ್ರ 42ರಲ್ಲಿ 41 ಸ್ಥಾನ ಕಾಂಗ್ರೆಸ್ಸಿಗೇ. ಉಳಿದ ಒಂದೇ ಒಂದು, ನಂದ್ಯಾಲ, ಜನತಾ ಪಕ್ಷದ ಸಂಜೀವ ರೆಡ್ಡಿಗೆ. ಮಾರ್ಚ್ 26ರಂದು ಅವರು ಮತ್ತೆ ಸ್ಪೀಕರ್ ಆದರು.

ಜುಲೈಯಲ್ಲಿ ರಾಷ್ಟ್ರಪತಿ ಚುನಾವಣೆ. ಎಂಟು ವರ್ಷದ ಹಿಂದೆ ಹದಿನಾಲ್ಕು ಸಾವಿರದ ಅಂತರದಲ್ಲಿ ಸೋತವರಿಗೆ ಈಗ ಎದುರಾಳಿಯೇ ಇಲ್ಲ. 37 ಮಂದಿ ನಾಮಪತ್ರ ಹಾಕಿದ್ದರು, 36 ತಿರಸ್ಕೃತವಾದವು. ಸೋಲಿಸಿದ್ದ ಕಾಂಗ್ರೆಸ್ ಸಹ ಅಭ್ಯರ್ಥಿ ಹಾಕಲಿಲ್ಲ. ಭಾರತದಲ್ಲಿ ಅವಿರೋಧವಾಗಿ ಆಯ್ಕೆಯಾದ ರಾಷ್ಟ್ರಪತಿ ಇವರೊಬ್ಬರೇ. ಅವರು ಬಿಟ್ಟ ಸ್ಪೀಕರ್ ಕುರ್ಚಿಗೆ ಬಂದವರು ಯಾರು ಗೊತ್ತಾ? ನಮ್ಮ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ನಿಟ್ಟೆ ವಿದ್ಯಾಸಂಸ್ಥೆಯ ಸ್ಥಾಪಕರು.

1977ರ ಜುಲೈ 25ರಂದು ಸಂಜೀವ ರೆಡ್ಡಿ ಪ್ರಮಾಣವಚನ ಸ್ವೀಕರಿಸಿದರು. ಆಗ ಅವರ ವಯಸ್ಸು 64. 2022ರಲ್ಲಿ ದ್ರೌಪದಿ ಮುರ್ಮು ಬರುವವರೆಗೆ ಅತ್ಯಂತ ಕಿರಿಯ ರಾಷ್ಟ್ರಪತಿ ಅವರೇ. ಅಂದಿನಿಂದ ಇವತ್ತಿನವರೆಗೂ ಹೊಸ ರಾಷ್ಟ್ರಪತಿಗಳು ಪ್ರಮಾಣ ಮಾಡುವುದು ಜುಲೈ 25ರಂದೇ.

ಪರೀಕ್ಷೆಯ ದಿನಗಳು

ರಾಷ್ಟ್ರಪತಿಯಾಗಿ ಅವರ ಕಠಿಣ ಪರೀಕ್ಷೆ 1979ರಲ್ಲಿ ಬಂತು. ಜುಲೈ 15ರಂದು ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟರು. ಚರಣ್ ಸಿಂಗ್ ಅವರನ್ನು ರೆಡ್ಡಿ ಪ್ರಧಾನಿ ಮಾಡಿದರು. ಇಂದಿರಾ ಬೆಂಬಲ ಹಿಂತೆಗೆದುಕೊಂಡಾಗ ಚರಣ್ ಸಿಂಗ್ ಸಂಸತ್ತನ್ನು ಒಮ್ಮೆಯೂ ಎದುರಿಸದೆ ಆಗಸ್ಟ್ 20ರಂದು ರಾಜೀನಾಮೆ ಕೊಟ್ಟರು. ಜನತಾ ಪಕ್ಷದ ನಾಯಕ ಜಗಜೀವನ್ ರಾಮ್, ತನಗೆ ಬಹುಮತ ಇದೆ, ಅವಕಾಶ ಕೊಡಿ ಎಂದು ಕೇಳಿದರು. ರಾಷ್ಟ್ರಪತಿ ಕೊಡಲಿಲ್ಲ. 22ರಂದು ಲೋಕಸಭೆ ವಿಸರ್ಜನೆಯಾಯಿತು.

1969ರಲ್ಲಿ ಲಾಲ್‌ಬಾಗಿನಲ್ಲಿ ರೆಡ್ಡಿಯವರ ಹೆಸರಿನ ಎದುರು ಬಂದಿದ್ದ ಹೆಸರು ಇದೇ ಜಗಜೀವನ್ ರಾಮ್ ಅವರದು. ಹತ್ತು ವರ್ಷದ ನಂತರ ದೇಶಕ್ಕೆ ಮೊದಲ ದಲಿತ ಪ್ರಧಾನಿ ಸಿಗಬಹುದಾಗಿದ್ದ ಬಾಗಿಲು ರೆಡ್ಡಿಯವರ ಕೈಯಲ್ಲಿ ಮುಚ್ಚಿತು. ಪಕ್ಷಗಳು ಒಡೆದು ಚೂರಾಗಿದ್ದ ಆ ಸದನದಲ್ಲಿ ಸ್ಥಿರ ಸರಕಾರ ಸಾಧ್ಯವಿರಲಿಲ್ಲ ಎಂದು ಒಂದು ವಾದ. ಸದನದಲ್ಲಿ ಬಲ ತೋರಿಸಲು ಒಂದು ಅವಕಾಶವನ್ನಾದರೂ ಕೊಡಬೇಕಿತ್ತು ಎಂದು ಇನ್ನೊಂದು ವಾದ. ನಮಗೆ ಎರಡನೆಯದೇ ಸರಿ ಅನಿಸುತ್ತದೆ. ಬಹುಮತ ಇದೆಯೋ ಇಲ್ಲವೋ ಎಂದು ಲೆಕ್ಕ ಹಾಕುವ ಜಾಗ ಲೋಕಸಭೆ. ಸ್ಪೀಕರ್ ಆಗಿ ಆ ಸದನದ ಗೌರವ ಕಾಪಾಡಿದವರಿಂದ ಅಷ್ಟು ನಿರೀಕ್ಷೆ ಇಡುವುದು ತಪ್ಪಲ್ಲ.

1980ರ ಜನವರಿ 14ರಂದು, ತಮ್ಮನ್ನು ಸೋಲಿಸಿದ್ದ ಇಂದಿರಾ ಗಾಂಧಿಗೆ ಅವರೇ ಪ್ರಮಾಣವಚನ ಬೋಧಿಸಬೇಕಾಗಿ ಬಂತು. ಬೋಧಿಸಿದರು. ನಂತರದ ಎರಡೂವರೆ ವರ್ಷ ಆ ಸರಕಾರದ ರಾಷ್ಟ್ರಪತಿಯಾಗಿ ಹಳೆಯ ಲೆಕ್ಕ ತೀರಿಸಲು ಹೋಗದೆ ಅವಧಿ ಮುಗಿಸಿದರು. ಆಗ ಉಪರಾಷ್ಟ್ರಪತಿಯಾಗಿ ಅವರ ಜೊತೆಗಿದ್ದವರು 1969ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಅದೇ ಹಿದಾಯತುಲ್ಲಾ.

ಕೊನೆಯ ಊರು

1982ರ ಜುಲೈ 25ರಂದು ಗ್ಯಾನಿ ಜೈಲ್ ಸಿಂಗ್ ಅವರಿಗೆ ಅಧಿಕಾರ ಬಿಟ್ಟುಕೊಟ್ಟು ಹೊರಬಂದರು. ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಬೆಂಗಳೂರಿನಲ್ಲಿ ನೆಲೆಸುವಂತೆ ಆಹ್ವಾನಿಸಿದರು. ರೆಡ್ಡಿ ಅನಂತಪುರದ ತಮ್ಮ ಜಮೀನಿಗೇ ಹೋದರು. 1989ರಲ್ಲಿ ಆತ್ಮಕಥನ ಪ್ರಕಟಿಸಿದರು. ಕೊನೆಗೆ ಸಾವು ಬಂದದ್ದು ಮಾತ್ರ ಬೆಂಗಳೂರಿನಲ್ಲಿ, ಸಮಾಧಿಯೂ ಇಲ್ಲೇ.

ಝಾಕಿರ್ ಹುಸೇನ್ ಜಾಮಿಯಾದಲ್ಲಿ, ಫಕ್ರುದ್ದೀನ್ ಅಲಿ ಅಹ್ಮದ್ ದೆಹಲಿಯ ಮಸೀದಿಯ ಪಕ್ಕದಲ್ಲಿ, ಸಂಜೀವ ರೆಡ್ಡಿ ಕಲ್ಪಳ್ಳಿಯಲ್ಲಿ, ಅವರ ಪರ ನಿಂತ ನಿಜಲಿಂಗಪ್ಪ ಚಿತ್ರದುರ್ಗ ಹತ್ತಿರದ ಸೀಬಾರದಲ್ಲಿ. ಒಂದೇ ಕುರ್ಚಿಯ ಸುತ್ತ ಬದುಕಿದವರು ಇವತ್ತು ಬೇರೆ ಬೇರೆ ಕಡೆ ಆರಡಿ ಜಾಗದಲ್ಲಿದ್ದಾರೆ. ನಮ್ಮ ಮಹಲ್ಲಾದ ಕಬರ್‌ಸ್ಥಾನಕ್ಕೆ ಮಯ್ಯಿತ್ ಜೊತೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಾರ್ವಜನಿಕ ಜೀವನಕ್ಕೆ ಬರಬೇಕು ಅಂತ ಆಸೆ ಇರುವ ನಮ್ಮ ಯುವಕ ಯುವತಿಯರಿಗೆ ಒಂದು ಮಾತು. ಪಂಚಾಯತ್‌ಗೋ ವಾರ್ಡಿಗೋ ಒಮ್ಮೆ ನಿಂತು ಸೋತು, ಇನ್ನು ಈ ಸಹವಾಸವೇ ಬೇಡ ಅಂತ ಕೈತೊಳೆದುಕೊಂಡವರನ್ನು ನಾವು ನೋಡುತ್ತಲೇ ಇದ್ದೇವೆ. ಜೊತೆಗಿದ್ದವರೇ ಕೈಕೊಟ್ಟರು ಅನ್ನುವ ನೋವು ಅವರಲ್ಲಿ ಹೆಚ್ಚಿನವರದ್ದು. ಸಂಜೀವ ರೆಡ್ಡಿ ಬಾಮೈದನಿಂದ ಸೋತರು, ಜೈಲಿನ ಜೊತೆಗಾರನಿಂದ ಸೋತರು, ತಮ್ಮದೇ ಪಕ್ಷದ ಪ್ರಧಾನಿಯಿಂದ ಸೋತರು, ತಮ್ಮದೇ ಕ್ಷೇತ್ರದ ಜನರಿಂದಲೂ ಸೋತರು. ಪ್ರತಿ ಸಲ ಊರಿಗೆ ಹೋಗಿ, ಸ್ವಲ್ಪ ಕಾದು, ಮತ್ತೆ ಬಂದರು. ಅವರು ಮಾಡಿದ ತಪ್ಪುಗಳನ್ನೂ ಓದಿಕೊಳ್ಳಿ, ಅವರು ಮರಳಿ ಬಂದ ರೀತಿಯನ್ನೂ ಓದಿಕೊಳ್ಳಿ. ಬೆಂಗಳೂರಿನಲ್ಲಿರುವವರು ಬಿಡುವಾದಾಗ ಒಮ್ಮೆ ಕಲ್ಪಳ್ಳಿಯ ಕಡೆ ಹೋಗಿ ನೋಡಿ ಬನ್ನಿ.